ಮೊದಲ ರವಿವಾರದ ಹಿಂಡಿ

ಮಲ್ಕಾಜ್‌ಗಿರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಸರಿಯಾಗಿ ನನ್ನ ತಲೆಯ ಮೇಲಿನ ಮನೆಯಲ್ಲಿರುವ ಕಮಲಾಕ್ಷಿ ಅಕ್ಕೋರು ತಮ್ಮ ಹಳೆಯ ಶಿಷ್ಯರನ್ನು ದಿನಕ್ಕೊಬ್ಬರಂತೆ ಬೇಯಿಸುತ್ತಾರೆ. ಕೆಲವರನ್ನು ಕುದಿಸುತ್ತಾರೆ, ಕೆಲವರನ್ನು ಹುರಿಯುತ್ತಾರೆ. ಒಬ್ಬನನ್ನು ಮೂವತ್ತು ವರ್ಷಗಳಿಂದ ಕುಟ್ಟಿ ಪುಡಿ ಮಾಡುತ್ತಿದ್ದಾರೆ. ಇದು ಆ ಒಬ್ಬನ ಕಥೆ. ಅಂದರೆ ಅಕ್ಕೋರ ಕಥೆಯೇ.

"ಇವತ್ತ ಯಾರ್ರಿ ಅಕ್ಕೋರ?" ಎಂದು ಮೆಟ್ಟಿಲ ಮೇಲೆ ಸಿಕ್ಕಾಗ ಕೇಳುತ್ತೇನೆ.

"ಶರಣಕುಮಾರ. ನಿನ್ನಿ ಸಾವಿತ್ರಿಬಾಯಿ ಒಂದಿಷ್ಟು ಉಳದಾಳ, ಆಕಿಗೂ ಒಂದು ಒಗ್ಗರಣಿ ಕೊಟ್ಟು ಮುಗಿಸಿಬಿಡ್ತೀನಿ" ಎನ್ನುತ್ತಾರೆ.

ನಮ್ಮ ಹೊಸ ವಾಚ್‌ಮನ್ ತೆಲುಗಿನವನು, ಕನ್ನಡ ಅರ್ಧಂಬರ್ಧ ತಿಳಿಯುತ್ತದೆ. ಈ ಮಾತು ಕೇಳಿದ ಮೇಲೆ ಒಂದು ವಾರ ಅವನು ಅಕ್ಕೋರ ಕಣ್ಣಿಗೆ ಬೀಳದಂತೆ ಓಡಾಡಿದ.

ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಅಕ್ಕೋರು ಅನ್ನುವುದು. ಕಮಲಾಕ್ಷಿ ಅಕ್ಕೋರು ಕಾಚಿಗೂಡದ ಒಂದು ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿ ನಿವೃತ್ತರಾದರು. ಶಾಲೆ ಅವರನ್ನು ಬಿಟ್ಟಿತು, ಅವರು ಶಾಲೆಯನ್ನು ಬಿಡಲಿಲ್ಲ. ಅಡಿಗೆಮನೆಗೆ ವರ್ಗ ಮಾಡಿಸಿಕೊಂಡರು, ಇಡೀ ವರ್ಗವನ್ನೂ ಜೊತೆಗೆ ಕರೆತಂದರು. ಅಲ್ಲಿ ಗ್ಯಾಸಿನ ಕಟ್ಟೆಯ ಮೇಲೆ ಒಂದು ಕರಿಹಲಗೆ, ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ವೇಳಾಪಟ್ಟಿ. ಸೋಮವಾರ ಗಂಗಾ, ಎಂದರೆ ತಿಳಿಸಾರು. ಹುಡುಗಿ ಬಿಟ್ಟ ಕಡೆಯೆಲ್ಲ ಹರಿದುಹೋಗುತ್ತಿದ್ದಳಂತೆ. ಮಂಗಳವಾರ ಸಾವಿತ್ರಿಬಾಯಿ, ಎಂದರೆ ಪುಂಡಿಪಲ್ಯ. ಮುಖ ಸದಾ ಹುಳ್ಳಗೆ. ಬುಧವಾರ ಶರಣಕುಮಾರ, ಜೋಳದ ನುಚ್ಚು. ಯಾರು ಗದರಿದರೂ ಮೆತ್ತಗಾಗುವವ. ಗುರುವಾರ ಅಕ್ಷಯ, ಕಡಲೆಹಿಟ್ಟಿನ ಝುಣಕ. ಹೆಸರಿಗೆ ತಕ್ಕಂತೆ ಶನಿವಾರವಾದರೂ ಮುಗಿಯುವುದಿಲ್ಲ.

ಇವೆಲ್ಲ ಅಕ್ಕೋರ ತವರಿನ ಅಡಿಗೆಗಳಲ್ಲ. ಆ ಶಾಲೆಗೆ ಬರುತ್ತಿದ್ದವರಲ್ಲಿ ಅರ್ಧ ವ್ಯಾಪಾರಿಗಳ, ಗುಮಾಸ್ತರ ಮಕ್ಕಳು. ಇನ್ನರ್ಧ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಮಧ್ಯಾಹ್ನ ಮೊದಲಿನವರು ಬೆಂಚಿನ ಮೇಲೆ ಡಬ್ಬಿ ಬಿಚ್ಚಿದರೆ, ಎರಡನೆಯವರು ಗೋಡೆಯ ಹಿಂದೆ ಹೋಗಿ ಬಿಚ್ಚುತ್ತಿದ್ದರು. ಅಕ್ಕೋರು ಇದನ್ನು ಒಂದು ವರ್ಷ ನೋಡಿದರು. ಎರಡನೆಯ ವರ್ಷ, "ನನಗ ಡಾಕ್ಟರ್ ಜ್ವಾಳದ ರೊಟ್ಟಿ ತಿನ್ನಂದಾರ, ನಮ್ಮ ಮನ್ಯಾಗ ಬರೀ ಚಪಾತಿ. ಯಾರು ಅದಲು ಬದಲು ಮಾಡ್ಕೋತೀರಿ?" ಎಂದರು. ಯಾವ ಡಾಕ್ಟರೂ ಹೇಳಿರಲಿಲ್ಲ. ಅಂದಿನಿಂದ ದಿನಕ್ಕೊಂದು ಡಬ್ಬಿ ಅದಲು ಬದಲಾಯಿತು. ಹೇಗೆ ಮಾಡುತ್ತಾರೆಂದು ಮಕ್ಕಳನ್ನು ಕೇಳಲಿಲ್ಲ; ಕೇಳಿದರೆ ಅವು ಮತ್ತೆ ಗೋಡೆಯ ಹಿಂದೆ ಹೋಗಿಬಿಡುತ್ತವೆಂಬ ಭಯ. ತಿಂದ ರುಚಿಯನ್ನು ನಾಲಿಗೆಯ ಮೇಲೆ ಹಿಡಿದುಕೊಂಡು ಮನೆಗೆ ಬಂದು, ಅಂದಾಜಿನಿಂದ ಮಾಡುತ್ತಿದ್ದರು. ಸರಿಹೋದ ದಿನ ಅದಕ್ಕೆ ಮಗುವಿನ ಹೆಸರು.

ಅವರ ಯಜಮಾನರು ಆನಂದಕುಮಾರ, ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಹಸಿರು ನಿಶಾನೆ ತೋರಿಸುವ ಅಧಿಕಾರ ಅವರಿಗೆ ರೈಲಿನಲ್ಲಿ ಮಾತ್ರ ಇತ್ತು.

"ನನ್ನ ಹೆಸರಿನ ಪಲ್ಯಾ ಯಾವಾಗ, ಕಮಲಾ?" ಎಂದು ವರ್ಷಕ್ಕೊಮ್ಮೆ ಕೇಳುತ್ತಾರೆ.

"ನೀವು ನನ್ನ ಕ್ಲಾಸಿನ್ಯಾಗ ಕುಂತಿದ್ರೇನ್ರಿ?"

"ಮೂವತ್ತೆಂಟು ವರ್ಷ ಆತು, ಕುಂತೇ ಇದ್ದೀನಲ್ಲ!"

ಕಾನ್ವೆಂಟಿನಲ್ಲಿ ನನಗೆ ಊಟಕ್ಕೆ ಮೊದಲು ಪ್ರಾರ್ಥನೆ ಕಲಿಸಿದ್ದರು. ಅಕ್ಕೋರ ಮನೆಯಲ್ಲಿ ಊಟಕ್ಕೆ ಮೊದಲು ಹಾಜರಿ. ನನ್ನನ್ನು ಅವರು ಹೆಸರು ಹಿಡಿದು ಕರೆಯುವುದಿಲ್ಲ, "ಏ ಕಾನ್ವೆಂಟ್, ಬಾರಪಾ" ಎನ್ನುತ್ತಾರೆ. ಮನೆಯಲ್ಲಿ ಹೆಸರಿನ ಪಲ್ಯ ಇಲ್ಲದವರು ನಾವಿಬ್ಬರೇ ಆದ್ದರಿಂದ ಗಾರ್ಡ್ ಸಾಹೇಬರಿಗೂ ನನಗೂ ಗೆಳೆತನ.

ತಿಂಗಳ ಮೊದಲ ರವಿವಾರ ಮಾತ್ರ ಹಲಗೆಯ ಮೇಲೆ ಒಂದು ಹೆಸರು ಬೇರೆಯವುಗಳಿಗಿಂತ ದೊಡ್ಡದಾಗಿರುತ್ತದೆ: ಮಲ್ಲಣ್ಣ. ಅಕ್ಕೋರ ನಿಯಮವೆಂದರೆ, ಯಾರ ಹೆಸರಿನ ಅಡಿಗೆಯೋ ಅವರು ಊರಲ್ಲಿದ್ದರೆ ಬಂದು ಉಂಡು ಹೇಗಾಗಿದೆ ಎಂದು ಹೇಳಬೇಕು. ಗಂಗಾ, ಶರಣಕುಮಾರ, ಅಕ್ಷಯ ಎಲ್ಲ ಊರು ಬಿಟ್ಟಿದ್ದಾರೆ. ಸಾವಿತ್ರಿಬಾಯಿ ಊರಲ್ಲೇ ಇದ್ದಾಳೆ, ಫೋನ್ ಎತ್ತುವುದಿಲ್ಲ. ಕೈಗೆ ಸಿಗುವವನು ಮಲ್ಲಣ್ಣ ಒಬ್ಬ. ಈಗ ಅವನಿಗೆ ನಲವತ್ತೆರಡು, ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕ. ಮಾತ್ರೆಗಳನ್ನು ಹತ್ತತ್ತರ ಪಟ್ಟಿಯಲ್ಲಿ ಕೂಡಿಹಾಕುವವನು ತಾನೇ ಒಂದು ಪಟ್ಟಿಯಲ್ಲಿ ಸಿಕ್ಕಿಬಿದ್ದಿದ್ದ.

ಅವನ ಹೆಸರಿನದು ಶೇಂಗಾ ಹಿಂಡಿ, ಎಂದರೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾದ ಚಟ್ನಿಪುಡಿ. ಹೈದರಾಬಾದಿನಲ್ಲಿ ಹಿಂದಿ ಬಂದರೆ ಹೇಗೋ ಹೊಟ್ಟೆ ತುಂಬುತ್ತದೆ. ಅಕ್ಕೋರಿಗೆ ಹಿಂಡಿ ಬರಲಿಲ್ಲ. ಉಳಿದ ಅಡಿಗೆಗಳೆಲ್ಲ ಪಾಸಾದವು, ಇದೊಂದು ಮೂವತ್ತು ವರ್ಷದಿಂದ ಫೇಲು. ಮಲ್ಲಣ್ಣನ ಡಬ್ಬಿಯಲ್ಲಿ ನಾಲ್ಕು ವರ್ಷ ತಿಂದ ಆ ರುಚಿ ಅವರ ಕೈಗೆ ಹತ್ತಲೇ ಇಲ್ಲ. ಗುರೆಳ್ಳು ಹಾಕಿ ನೋಡಿದರು, ಅಗಸಿ ಹಾಕಿ ನೋಡಿದರು, ಒಣಕೊಬ್ಬರಿ ಸುಟ್ಟು ಹಾಕಿದರು, ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಹುಗಿದರು. ಮಿಕ್ಸರ್ ರುಚಿ ಕೆಡಿಸುತ್ತದೆಂದು ಕಬ್ಬಿಣದ ಕುಟ್ಟಾಣಿ ತಂದರು. ಅಲ್ಲಿಂದ ಮುಂದೆ ಪ್ರತಿ ಮೊದಲ ರವಿವಾರ ಬೆಳಿಗ್ಗೆ ಹತ್ತಕ್ಕೆ ನನ್ನ ತಲೆಯ ಮೇಲೆ ಕುಟ್ಟಾಣಿ ಶುರುವಾಗುತ್ತದೆ.

ಹನ್ನೆರಡೂವರೆಗೆ ಮಲ್ಲಣ್ಣ ಬಂದು ಕೂರುತ್ತಾನೆ. ರೊಟ್ಟಿ, ಮೊಸರು, ಹಿಂಡಿ. ಮೊದಲ ತುತ್ತು ಬಾಯಿಗೆ ಹೋಗುವವರೆಗೆ ಅಕ್ಕೋರು ಎದುರಿಗೆ ನಿಂತಿರುತ್ತಾರೆ.

"ಹೆಂಗ ಆಗೈತಿ?"

"ಅವ್ವನ ಕೈದ್ದು ಹಂಗೇ ಐತ್ರಿ ಅಕ್ಕೋರ."

"ಸುಳ್ಳ ಹೇಳಬ್ಯಾಡ. ಏನೋ ಒಂದು ಕಮ್ಮಿ ಐತಿ."

"ಏನೂ ಕಮ್ಮಿ ಇಲ್ರಿ."

"ಆ ಕಾರ್ಖಾನಿ ವಾಸನಿ ನಿನ್ನ ಮೂಗು ತಿಂದೈತಿ. ಮುಂದಿನ ತಿಂಗಳ ಬಾ, ಬ್ಯಾರೆ ಥರಾ ಮಾಡ್ತೀನಿ."

ಫ್ಯಾನಿನ ಕೆಳಗೆ ಕೂತರೂ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತಿತ್ತು. ಖಾರಕ್ಕೆ ಬೆವರುತ್ತಾನೆಂದು ನಾನು ಎಣಿಸಿದ್ದೆ.

ಹೋದ ವರ್ಷದ ಒಂದು ರವಿವಾರ ಊಟವಾದ ಮೇಲೆ ಅವನೂ ನಾನೂ ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ ನಿಂತಿದ್ದೆವು.

"ಸರ, ನೀವು ಕಾನ್ವೆಂಟಿನ್ಯಾಗ ಓದೀರಂತ. ಅಲ್ಲಿ ಪಾಪ ಹೇಳ್ಕೊಂಡ್ರ ಮಾಫಿ ಮಾಡ್ತಾರಂತಲ್ರಿ?"

"ಪಾದ್ರಿಗಳು ಮಾಡ್ತಾರಪ್ಪ. ನಾನು ಬರೀ ಫೀಸು ಕೊಟ್ಟವನು."

"ಅಡ್ಡಿಯಿಲ್ರಿ, ನೀವ ಕೇಳ್ರಿ" ಎಂದು ಅವನು ಹೇಳತೊಡಗಿದ.

ಅವನದು ಭೀಮಾ ಹೊಳೆಯ ದಂಡೆಯ ಹಳ್ಳಿ. ಅಪ್ಪ ಅವ್ವ ಕಾಚಿಗೂಡ ಸ್ಟೇಷನ್ನಿನ ಹತ್ತಿರ ಒಂದು ಲಾಡ್ಜ್ ಕಟ್ಟುವ ಕೆಲಸಕ್ಕೆ ಬಂದು, ಆ ಲಾಡ್ಜಿನ ನೆಲಮಾಳಿಗೆಯಲ್ಲೇ ಸಂಸಾರ ಹೂಡಿದ್ದರು. ಬಾಡಿಗೆ ಇಲ್ಲದೆ ಲಾಡ್ಜಿನಲ್ಲಿ ನಾಲ್ಕು ವರ್ಷ ಇದ್ದವರು ಅವರೊಬ್ಬರೇ ಇರಬೇಕು.

"ಅವತ್ತ ನಾ ಡಬ್ಬಿ ಅಂಗಿ ಒಳಗ ಮುಚ್ಚಿಟ್ಕೊಂಡು ಗ್ವಾಡಿ ಹಿಂದ ಹೊಂಟಿದ್ದೆ ರೀ. ಅಕ್ಕೋರು ಹಿಡದ್ರು. ತಮ್ಮ ಡಬ್ಬಿ ನನ್ನ ಕೈಯಾಗ ಕೊಟ್ಟು ನಂದು ತಗೊಂಡ್ರು. ಎಲ್ಲಾರ ಮುಂದ ರೊಟ್ಟಿ ಮುರದು, ಹಿಂಡಿ ಹಚ್ಚಿ ಬಾಯಾಗ ಇಟ್ಕೊಂಡು, 'ಇಂಥಾ ಹಿಂಡಿ ನಮ್ಮ ಮನ್ಯಾಗ ಹುಟ್ಟಿಲ್ಲ' ಅಂದ್ರು. ಅಲ್ಲೀತನಕ ಆ ಸಾಲ್ಯಾಗ ಯಾರೂ ನನಗ ಯಾವುದಕ್ಕೂ ಚಲೋ ಅಂದಿದ್ದಿಲ್ಲ. ಹೆಂಗ ಹೇಳ್ಲಿ ರೀ, ಅದರಾಗ ಒಣ ಸಿಗಡಿ ಪುಡಿ ಐತಿ ಅಂತ?"

ನಾನು ನಕ್ಕೆ. ಆಮೇಲೆ ನಗು ಅಲ್ಲೇ ನಿಂತುಹೋಯಿತು. ಅಕ್ಕೋರ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗ. ಲಿಂಗಪೂಜೆ ಆಗದೆ ನೀರು ಮುಟ್ಟುವವರಲ್ಲ. ನಮ್ಮ ಕಟ್ಟಡದ ಮಕ್ಕಳ ಹುಟ್ಟುಹಬ್ಬಕ್ಕೆ ಬೇಕರಿಯವನು ಆಣೆ ಮಾಡಿ ಕೊಟ್ಟ ಎಗ್ಗಿಲ್ಲದ ಕೇಕನ್ನೂ ಅವರು ಎಗ್ಗಿಲ್ಲದೆ ತಿಂದವರಲ್ಲ. ಕೈಯಲ್ಲಿ ಹಿಡಿದುಕೊಂಡು ಬಂದು ನನಗೆ ಕೊಡುತ್ತಾರೆ.

"ವಾಸನಿ ಬರ್ಲಿಲ್ಲೇನು ಅವರಿಗೆ?"

"ಯಾವತ್ತೂ ಮೂಸಿ ನೋಡದವರಿಗೆ ಅದು ಏನಂತ ಹೆಂಗ ತಿಳೀಬೇಕ್ರಿ? ಬಳ್ಳೊಳ್ಳಿ ಜಾತಿ ಬ್ಯಾರೆ ಇರಬೇಕು ಅಂದ್ರು. ಮರುದಿನ ಹೇಳೋಣಂದೆ. ಮರುದಿನ ಮತ್ತ ಬೇಡಿದ್ರು. ಒಂದಿನದ್ದು ಆದ್ರ ತಪ್ಪು, ಎರಡು ದಿನದ್ದು ಆದ್ರ ಮೋಸ. ಒಂದು ವಾರ ಆದಮ್ಯಾಗ ಬಾಯಿ ಹೆಂಗ ತಗೀಬೇಕ್ರಿ? ಅವ್ವಗ, ಒಬ್ಬ ಗೆಳ್ಯಾ ತಿಂತಾನ ಅಂತ ಹೇಳಿದೆ. ಪಾಪ, ಗೆಳ್ಯಾಗ ಇರ್ಲಿ ಅಂತ ಆಕಿ ಇನ್ನೊಂದು ಚಿಮಟಿ ಸಿಗಡಿ ಹೆಚ್ಚಿಗೀನ ಹಾಕಿದ್ಲು."

"ಈಗಾದ್ರೂ ಹೇಳಬಾರದೇನು?"

ಅವನು ಕೆಳಗೆ ರೈಲು ಹಳಿಗಳ ಕಡೆ ನೋಡುತ್ತ ನಿಂತ. "ಅಪ್ಪ ಹೋದ. ಅವ್ವ ಊರಾಗ ಅದಾಳ. ಕಾರ್ಖಾನ್ಯಾಗ ನನಗ ಬ್ಯಾಡ್ಜ್ ನಂಬರ ಹಿಡದು ಕರೀತಾರ. ಈ ಊರಾಗ 'ಮಲ್ಯಾ' ಅಂತ ಹೆಸರು ಹಿಡದು ಬೈಯಾಕ ನನಗಿರೋದು ಇದೊಂದ ಮನಿ. ಇದರ ಹೊಸ್ತಿಲಾನೂ ಹ್ವಾದ್ರ ಹೆಂಗ್ರಿ ಸರ?"

ಹೀಗಾಗಿ ಆ ಗುಟ್ಟಿನೊಳಗೆ ನಾನೂ ಸಿಕ್ಕೆ. ಅಲ್ಲಿಂದ ಮುಂದೆ ಅಕ್ಕೋರು "ಏನೋ ಒಂದು ಕಮ್ಮಿ ಐತಿ" ಎಂದಾಗಲೆಲ್ಲ ಇಬ್ಬರು ಗಂಡಸರು ತಟ್ಟೆ ನೋಡುತ್ತ ಕೂರತೊಡಗಿದೆವು.

ಈ ವರ್ಷ ಜೂನ್ ತಿಂಗಳ ಮೊದಲ ರವಿವಾರ ಮಲ್ಲಣ್ಣ ಬರಲಿಲ್ಲ. ಓವರ್‌ಟೈಮ್ ಎಂದು ಫೋನು ಮಾಡಿದ. ಅಕ್ಕೋರು ರಜೆಯ ಅರ್ಜಿಯನ್ನು ಹಾಗೆಲ್ಲ ಒಪ್ಪುವವರಲ್ಲ. ಅವನ ಹೆಂಡತಿ ವಿಜಯಶ್ರೀಗೆ ಫೋನು ಹಚ್ಚಿದರು.

"ಎಲ್ಲಿ ಹೋಗ್ಯಾನವಾ ನಿನ್ನ ಗಂಡ?"

"ಇಲ್ಲೇ ಅದಾರ್ರಿ ಅಕ್ಕೋರ. ನಮ್ಮ ಅತ್ತಿ ಕಣ್ಣಿಗೆ ಹನಿ ಹಾಕಾಕತ್ತಾರ. ಆಪರೇಷನ್ ಆಗೈತ್ರಿ, ಊರಿಂದ ಕರಕೊಂಡು ಬಂದೀವಿ."

ಅಕ್ಕೋರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮೂವತ್ತು ವರ್ಷ ಅವರಿಗೆ ಕೈ ಕೊಟ್ಟ ಹಿಂಡಿ. ಅದನ್ನು ಮಾಡಿದ ಕೈ ಹೈದರಾಬಾದಿಗೇ ಬಂದು ಕೂತಿದೆ. ಮಲ್ಲಣ್ಣ ಫೋನು ಕಸಿದುಕೊಂಡಿರಬೇಕು, ಅವನ ದನಿ ನನಗೂ ಕೇಳಿಸಿತು.

"ಅಕ್ಕೋರ, ಕಣ್ಣಿಗೆ ಪಟ್ಟಿ ಕಟ್ಟ್ಯಾರ್ರಿ. ಯಾರ ಕೂಡಾನೂ ಮಾತಾಡಬ್ಯಾಡಂತ ಹೇಳ್ಯಾರ ಡಾಕ್ಟರ್."

"ಪಟ್ಟಿ ಕಣ್ಣಿಗೆ ಕಟ್ಟ್ಯಾರೋ ಬಾಯಿಗೆ ಕಟ್ಟ್ಯಾರೋ? ಮುಂದಿನ ರವಿವಾರ ಬರ್ತೀನಿ. ಕಾನ್ವೆಂಟ್ ಕಾರು ತರ್ತಾನ."

ಆ ವಾರವಿಡೀ ಮಲ್ಲಣ್ಣ ನನಗೆ ದಿನಕ್ಕೆ ಎರಡು ಸಲ ಫೋನು ಮಾಡಿದ. ಕಾರು ಕೆಟ್ಟಿದೆ ಅನ್ನಿ ಎಂದ. ಅದು ಕೆಟ್ಟದ್ದೇ, ಆದರೆ ಓಡುತ್ತದೆ, ಅಕ್ಕೋರಿಗೂ ಗೊತ್ತು ಎಂದೆ. ಅವ್ವನಿಗೆ ಹೇಳಿಬಿಡು ಎಂದೆ. "ಏನಂತ ಹೇಳ್ಲಿ ರೀ? ನಿನ್ನ ಅಡಿಗಿ ತಿಂದವರಿಗೆ ಅದು ಮೈಲಿಗಿ ಅಂತ ಆಕೀ ಮುಂದ ನಾ ಹೆಂಗ ಹೇಳ್ಲಿ?" ಎಂದು ತಿರುಗಿ ಕೇಳಿದ. ರವಿವಾರ ಬೆಳಿಗ್ಗೆ ಕೊನೆಯ ಫೋನು: "ಟ್ರಾಫಿಕ್ಕಿನ್ಯಾಗರ ಸಿಗಿಸ್ರಿ ಸರ!"

ದಿನಾ ಒಂದೂವರೆ ತಾಸು ನುಂಗುವ ರಸ್ತೆ ಆ ದಿನ ನಮ್ಮನ್ನು ಮುಕ್ಕಾಲು ತಾಸಿನಲ್ಲಿ ಜೀಡಿಮೆಟ್ಲಾಕ್ಕೆ ಮುಟ್ಟಿಸಿಬಿಟ್ಟಿತು. ಸಿಗ್ನಲ್ಲುಗಳೆಲ್ಲ ಹಸಿರು. ಹಿಂದಿನ ಸೀಟಿನಲ್ಲಿದ್ದ ಗಾರ್ಡ್ ಸಾಹೇಬರು, "ಲೈನ್ ಕ್ಲಿಯರ್" ಎನ್ನುತ್ತಲೇ ಇದ್ದರು. ಅಕ್ಕೋರ ಮಡಿಲಲ್ಲಿ ಹೊಸ ನೋಟ್‌ಬುಕ್, ಎರಡು ಪೆನ್ನು.

ಕಾರ್ಖಾನೆಗಳ ಹಿಂದಿನ ಒಂದು ಕಾಲೊನಿಯಲ್ಲಿ ಮಲ್ಲಣ್ಣನ ಎರಡು ಕೋಣೆಯ ಮನೆ. ಬಾಗಿಲಲ್ಲೇ ನಲ್ಲಿ, ಒಳಗೆ ಹೊರಸಿನ ಮೇಲೆ ಅವನ ಅವ್ವ ಸುಗಲಮ್ಮ. ಒಂದು ಕಣ್ಣಿಗೆ ಹಸಿರು ಬಟ್ಟೆಯ ಪಟ್ಟಿ, ಇನ್ನೊಂದು ಕಣ್ಣಿನ ಪೊರೆ ಇನ್ನೂ ಇತ್ತು. ಸಣ್ಣ ಮೈ, ದೊಡ್ಡ ದನಿ.

"ಬರ್ರಿ ಅಕ್ಕೋರ, ಬರ್ರಿ! ನನ್ನ ಮಗನ್ನ ಮನಷ್ಯಾನ್ನ ಮಾಡಿದವರು ನೀವು. ಕುಂದರ್ರಿ. ಏ ಮಲ್ಲಾ, ನನ್ನ ಡಬ್ಬಿ ಎಲ್ಲಿ ಇಟ್ಟೀದಿ? ಮುಂಜಾನಿಂದ ಹುಡಕಾಕತ್ತೀನಿ, ಸಿಗವಲ್ದು."

ಮಲ್ಲಣ್ಣ ನನ್ನ ಕಡೆ ನೋಡಿದ. ಊರಿಂದ ಬಂದ ಡಬ್ಬಿ ಎಲ್ಲೋ ಬಟ್ಟೆಗಳ ಗಂಟಿನೊಳಗೆ ಭೂಗತವಾಗಿದೆ ಎಂದು ಆ ನೋಟದಲ್ಲೇ ತಿಳಿಯಿತು.

ಚಹಾ ಬಂತು. ಅಕ್ಕೋರು ಎರಡು ಗುಟುಕು ಕುಡಿದು ನೋಟ್‌ಬುಕ್ ತೆರೆದರು. "ಸುಗಲಮ್ಮ, ನಾ ಒಂದು ಕೇಳಾಕ ಬಂದೀನಿ. ನೀವು ಮಲ್ಲಣ್ಣಗ ಕಟ್ಟತಿದ್ದ ಹಿಂಡಿ ನಾಲ್ಕು ವರ್ಷ ನಾ ತಿಂದೀನಿ. ಅದನ್ನ ಹೆಂಗ ಮಾಡ್ತಿದ್ರಿ, ಹೇಳ್ರಿ."

"ನೀವು ತಿಂತಿದ್ರಿ?" ಸುಗಲಮ್ಮ ನಕ್ಕಳು. "ಇಂವ ಗೆಳ್ಯಾ ತಿಂತಾನ ಅಂತಿದ್ದ! ಕಳ್ಳ ನನ್ನ ಮಗ. ಬರ್ಕೋರಿ. ಶೇಂಗಾ ಸಣ್ಣ ಉರಿ ಮ್ಯಾಗ ಹುರೀಬೇಕು. ಸಿಪ್ಪಿ ಪೂರಾ ತಗೀಬಾರದು. ಬ್ಯಾಡಗಿ ಮೆಣಸಿನಕಾಯಿ ಆರು, ಗುಂಟೂರು ಎರಡು. ಬಳ್ಳೊಳ್ಳಿ ಒಂದು ಗಡ್ಡಿ, ಹುರೀಲಾರದ. ಜೀರಿಗಿ. ಉಪ್ಪು. ಆಮ್ಯಾಗ..."

ಮಾತಿನ ಭರದಲ್ಲಿ ಅವಳು ಮುಂದೆ ಬಾಗಿದ್ದಳು. ಪಟ್ಟಿಯಿಲ್ಲದ ಕಣ್ಣು ಅಕ್ಕೋರ ಮುಖದ ತೀರ ಹತ್ತಿರ ಬಂತು. ಆ ಮಸುಕುಗಣ್ಣಿಗೂ ಹಣೆಯ ಮೇಲಿನ ಬಿಳಿಯ ಮೂರು ಗೆರೆ ಕಂಡಿರಬೇಕು. ಸುಗಲಮ್ಮ ಹಿಂದಕ್ಕೆ ಸರಿದು ಕೂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಅಷ್ಟರಿ" ಎಂದಳು.

ಮಲ್ಲಣ್ಣ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾನೂ ಬಿಟ್ಟೆ.

ಆದರೆ ಮೂವತ್ತೊಂದು ವರ್ಷ ಮಗ್ಗಿ ಒಪ್ಪಿಸಿಕೊಂಡವರಿಗೆ, ಗೊತ್ತಿಲ್ಲದೆ ನಿಲ್ಲಿಸುವುದಕ್ಕೂ ಗೊತ್ತಿದ್ದು ನಿಲ್ಲಿಸುವುದಕ್ಕೂ ಇರುವ ವ್ಯತ್ಯಾಸ ತಿಳಿಯದೆ ಇರುತ್ತದೆಯೆ? ಅಕ್ಕೋರು ಪೆನ್ನು ಮುಚ್ಚಲಿಲ್ಲ.

"ಇನ್ನೊಂದು ಐತಿ, ಸುಗಲಮ್ಮ. 'ಆಮ್ಯಾಗ' ಅಂದ್ರಿ."

"ಇಲ್ರಿ. ಆಮ್ಯಾಗ ಕುಟ್ಟೋದ ರೀ."

ಅಕ್ಕೋರು ನಿಧಾನವಾಗಿ ಮಲ್ಲಣ್ಣನ ಕಡೆ ತಿರುಗಿದರು. "ಮಲ್ಯಾ, ನಿಂದ್ರು."

ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕ ಎದ್ದು ನಿಂತ. ಕೈ ತಾವಾಗಿಯೇ ಬೆನ್ನ ಹಿಂದೆ ಹೋದವು. ಅವನ ಮಗಳು ಒಳಕೋಣೆಯ ಬಾಗಿಲಿನಿಂದ ಅಪ್ಪನನ್ನು ಬಾಯಿ ತೆರೆದು ನೋಡುತ್ತಿದ್ದಳು.

"ನೀ ಹೇಳು."

"ಒಣ ಸಿಗಡಿ ಪುಡಿ ರೀ ಅಕ್ಕೋರ."

ಹೊರಗೆ ಯಾರದೋ ಆಟೋ ಸ್ಟಾರ್ಟ್ ಆಗಲೊಲ್ಲದೆ ಕೆಮ್ಮುತ್ತಿತ್ತು. ಅಕ್ಕೋರು ಬರೆಯಲಿಲ್ಲ. ನೋಟ್‌ಬುಕ್ ಮುಚ್ಚಿ, ಎದ್ದು, ಬಾಗಿಲಿನ ನಲ್ಲಿಯ ಹತ್ತಿರ ಹೋದರು. ಬೊಗಸೆಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸಿದರು. ಒಂದು ಸಲ, ಎರಡು ಸಲ, ಮೂರು ಸಲ. ಮೂವತ್ತು ವರ್ಷದ ಹಿಂದೆ ತಿಂದದ್ದಕ್ಕೆ. ಕಾನ್ವೆಂಟಿನಿಂದ ಇಲ್ಲಿಯವರೆಗೆ ಯಾವುದಕ್ಕಾದರೂ ಒಂದು ಚಟಾಕಿ ಹುಡುಕಿಕೊಂಡು ಬಂದ ನನಗೆ ಆಗ ಒಂದೂ ಸಿಗಲಿಲ್ಲ.

ಸುಗಲಮ್ಮನಿಗೆ ಕಾಣಿಸಲಿಲ್ಲ, ಆದರೆ ನೀರು ಉಗುಳುವ ಸದ್ದು ಕೇಳಿಸಿತು. "ಅಕ್ಕೋರ" ಎಂದಳು ಬಾಗಿಲ ಕಡೆ ಮುಖ ಮಾಡಿ. "ತಪ್ಪು ನನ್ನ ಮಗಂದು. ಅವಗ ಎರಡು ಬಡೀರಿ, ನಾ ಬ್ಯಾಡ ಅನ್ನೂದಿಲ್ಲ. ಖರೆ ನನ್ನ ಹಿಂಡಿಗೆ ಹೆಸರು ಇಡಬ್ಯಾಡ್ರಿ. ದಿನಾ ಹದಿನೈದು ಪುಟ್ಟಿ ಉಸುಕು ಹೊತ್ತು ಬಂದು ಕುಟ್ಟತಿದ್ದೆ ರೀ ಅದನ್ನ."

ಅಕ್ಕೋರು ಸೆರಗಿನಿಂದ ಬಾಯಿ ಒರೆಸಿಕೊಂಡರು. ಕಾರಿನಲ್ಲಿ ಹೋಗಿ ಕೂತರು. ದಾರಿಯುದ್ದಕ್ಕೂ ಸಿಗ್ನಲ್ಲುಗಳೆಲ್ಲ ಕೆಂಪು. ಮಲ್ಕಾಜ್‌ಗಿರಿಯ ಸೇತುವೆ ಇಳಿಯುವಾಗ ಒಂದೇ ಒಂದು ಮಾತು ಆಡಿದರು: "ನಾಲ್ಕು ವರ್ಷ."

ನಾಲ್ಕು ದಿನ ಬಿಟ್ಟು ಗಾರ್ಡ್ ಸಾಹೇಬರು ಮೆಟ್ಟಿಲ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದರು. "ಹಲಗಿ ಮ್ಯಾಲಿನ ರವಿವಾರ ಒರಿಸ್ಯಾಳಪಾ. ಪೂಜಿಗೆ ಕುಂತ್ರ ಅರ್ಧ ತಾಸು ಹೆಚ್ಚಿಗಿ ಕುಂದರಾಕತ್ತಾಳ. ನನ್ನ ಕೂಡಾನೂ ಮಾತಿಲ್ಲ."

"ಮಲ್ಲಣ್ಣನ ಮೇಲೆ ಸಿಟ್ಟೇನು?"

"ಅದ ತಿಳೀವಲ್ದು. ನಿನ್ನಿ ಒಮ್ಮೆ ಅಂದ್ಲು, 'ಆ ಹುಡುಗ ಹತ್ತು ವರ್ಷದಂವ ಇದ್ದ, ಹೇಳಾಕ ಅಂಜಿದ. ನಾ ಯಾಕ ಕೇಳಲಿಲ್ಲ?' ಅಂತ."

ಮಲ್ಲಣ್ಣ ಫೋನು ಮಾಡಿದರೆ ಅಕ್ಕೋರು ಎತ್ತಲಿಲ್ಲ. ಅವನು ನನಗೆ ಮಾಡಿದ. "ಹೇಳಿದಮ್ಯಾಗ ಹಗುರ ಆಗ್ತೈತಿ ಅಂತಾರಲ್ರಿ ಸರ, ಎಲ್ಲಿ ಹಗುರ? ಮೊದಲ ಸುಳ್ಳು ಹೇಳಿ ಒಳಗರ ಇದ್ದೆ. ಈಗ ಖರೆ ಹೇಳಿ ಹೊರಗ ಬಿದ್ದೆ." ಅವ್ವ ಎರಡು ದಿನ ಅವನ ಜೊತೆ ಮಾತಾಡಿರಲಿಲ್ಲವಂತೆ. ಮೂರನೆಯ ದಿನ, ಅಕ್ಕೋರ ಮನೆಯಲ್ಲಿ ಹೊಸ ಪಾತ್ರೆಯಲ್ಲಿ ಮಾಡಿದರೆ ತಿನ್ನುತ್ತಾರೇನು ಎಂದು ಕೇಳಿದಳಂತೆ. ಇವನಿಗೆ ಗೊತ್ತಿರಲಿಲ್ಲ. ನನಗೂ.

ಜುಲೈ ತಿಂಗಳ ಮೊದಲ ರವಿವಾರ ನಾನು ಬೆಳಿಗ್ಗೆ ಒಂಬತ್ತೂವರೆಯಿಂದಲೇ ಮೇಲಿನ ಛತ್ತು ನೋಡುತ್ತ ಕೂತೆ. ಹತ್ತಾಯಿತು. ಹತ್ತೂಕಾಲು ಆಯಿತು. ಪೇಪರಿನ ಒಂದೇ ಸಾಲನ್ನು ನಾಲ್ಕು ಸಲ ಓದಿದೆ. ಹತ್ತೂವರೆಗೆ ನನ್ನ ತಲೆಯ ಮೇಲೆ ಧಪ್ ಎಂದಿತು. ಒಂದು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಧಪ್, ಧಪ್, ಧಪ್.

ಮಲ್ಲಣ್ಣನಿಗೆ ಫೋನು ಹಚ್ಚಿದೆ. "ಕುಟ್ಟಾಕತ್ತಾರ!"

"ಯಾರನ್ನ್ರಿ?"

"ನಿನ್ನನ್ನೇ. ಬಾ."

ಒಂದು ತಾಸಿನಲ್ಲಿ ಅವನು ಬಂದ. ಕೈಯಲ್ಲಿ ಒಂದು ಹೊಸ ಸ್ಟೀಲ್ ಡಬ್ಬಿ, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಚಪ್ಪಲಿ ಬಿಟ್ಟು ಹೊಸ್ತಿಲಿನಿಂದ ಎರಡು ಹೆಜ್ಜೆ ಹೊರಗೇ ನಿಂತ. ಅಕ್ಕೋರು ಒಳಗಿನಿಂದ ಬಂದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹೊರಗ ನಿಲ್ಲಂತ ನಾ ಯಾವತ್ತರ ಶಿಕ್ಷಾ ಕೊಟ್ಟೀನೇನು? ಒಳಗ ಬಾ."

ತಟ್ಟೆ ಹಾಕಿದರು. ರೊಟ್ಟಿ, ಮೊಸರು, ಹಿಂಡಿ. ಗಾರ್ಡ್ ಸಾಹೇಬರೂ ನಾನೂ ಪಕ್ಕದಲ್ಲಿ ಕೂತೆವು. ಅಕ್ಕೋರು ಎಂದಿನಂತೆ ಎದುರಿಗೆ ನಿಂತರು. ಅವನು ತುತ್ತು ಮಾಡಿ ಬಾಯಿಗೆ ಇಟ್ಟುಕೊಂಡ.

"ಹೆಂಗ ಆಗೈತಿ?"

ಮೂವತ್ತು ವರ್ಷದ ಉತ್ತರ ಅವನ ನಾಲಿಗೆಯ ತುದಿಗೆ ಬಂದು ನಿಂತದ್ದು ನಮಗೆ ಕಾಣುತ್ತಿತ್ತು. ತುತ್ತಿನ ಜೊತೆ ಅದನ್ನೂ ನುಂಗಿದ.

"ಅವ್ವನ ಕೈದ್ದು ಹಂಗ ಇಲ್ರಿ ಅಕ್ಕೋರ. ಯಾವತ್ತೂ ಇದ್ದಿಲ್ಲ."

"ಮತ್ತ?"

"ಶೇಂಗಾ ಭಾಳ ಹುರೀತೀರಿ. ಉಪ್ಪು ಕಮ್ಮಿ."

"ಎಷ್ಟು ದಿನದಿಂದ ಕಮ್ಮಿ?"

"ಮೊದಲಿನಿಂದಾನೂ ರೀ."

"ಹಾಂ" ಎಂದರು ಅಕ್ಕೋರು. ಉಪ್ಪಿನ ಡಬ್ಬಿ ತಂದು ಅವನ ಮುಂದೆ ಇಟ್ಟರು. "ಮೂವತ್ತು ವರ್ಷಕ್ಕ ಒಂದು ಬರೋಬ್ಬರಿ ಉತ್ತರ ಹೇಳಿದಿ. ತಿನ್ನು."

ಅವನು ಉಪ್ಪು ಹಾಕಿಕೊಂಡು ತಿಂದ. ಹಿಂಡಿ ಒಂದು ಚಮಚವೂ ಉಳಿಯುವಂತಿರಲಿಲ್ಲ. ಉಳಿಸಿದರೆ ಅಕ್ಕೋರು ಬಿಡುವವರಲ್ಲ. ಕೈ ತೊಳೆದ ಮೇಲೆ ಹೊಸ ಡಬ್ಬಿಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ.

"ಅವ್ವ ಕೊಟ್ಟಾಳ್ರಿ. ಹೊಸಾ ಪಾತ್ರಿ, ಹೊಸಾ ಕಲ್ಲು. ಮೈ ತೊಳಕೊಂಡು ಮಾಡ್ಯಾಳ. ಅದು... ಅದನ್ನ ಹಾಕಿಲ್ರಿ. ಆಣಿ ಮಾಡಿ ಹೇಳಂದಾಳ."

ಅಕ್ಕೋರು ಡಬ್ಬಿ ತೆಗೆದುಕೊಂಡು ಮುಚ್ಚಳ ತೆರೆದರು. ಮೂಗಿನ ಹತ್ತಿರ ಹಿಡಿದು ತುಂಬ ಹೊತ್ತು ನಿಂತರು. ಗಾರ್ಡ್ ಸಾಹೇಬರ ಕೈ, ಇಲ್ಲದ ನಿಶಾನೆಯನ್ನು ಹಿಡಿದಂತೆ ಅರ್ಧ ಮೇಲೆದ್ದಿತ್ತು. ಅಕ್ಕೋರು ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಅದು ಕಾಚಿಗೂಡದ ಅದೇ ಕೈ, ಅದೇ ಸಣ್ಣ ಉರಿಯ ಶೇಂಗಾ, ಅದೇ ಆರಕ್ಕೆ ಎರಡರ ಮೆಣಸಿನಕಾಯಿ.

ಕಣ್ಣು ತೆರೆದಾಗ ಅವು ತುಂಬಿದ್ದವು. ಖಾರಕ್ಕೆ ಇರಬಹುದು.

"ಏನೋ ಒಂದು ಕಮ್ಮಿ ಐತಿ" ಎಂದರು.

ಏನೆಂದು ಈಗ ಆ ಕೋಣೆಯಲ್ಲಿದ್ದ ನಾಲ್ವರಿಗೂ ಗೊತ್ತಿತ್ತು.

"ಹೌದ್ರಿ ಅಕ್ಕೋರ" ಎಂದ ಮಲ್ಲಣ್ಣ.

ಅಕ್ಕೋರು ಮುಚ್ಚಳ ಹಾಕಿ ಡಬ್ಬಿಯನ್ನು ಬಗಲಲ್ಲಿ ಇಟ್ಟುಕೊಂಡು ಅಡಿಗೆಮನೆಗೆ ಹೋದರು. ಸೀಮೆಸುಣ್ಣ ಹಲಗೆಗೆ ತಾಗುವ ಸದ್ದು ಬಂತು. ಅಲ್ಲಿಂದಲೇ ಕೂಗಿ ಹೇಳಿದರು: "ಮುಂದಿನ ತಿಂಗಳ ತಡಾ ಮಾಡಬ್ಯಾಡ. ಶೇಂಗಾ ಕಮ್ಮಿ ಹುರದು ನೋಡ್ತೀನಿ."